ಹಾಡು ಬಿಟ್ಟವನ ಅಕ್ಕ

ಭಾನುವಾರ, ಮೇ ೧೬

ಪ್ರೀತಿಯ ಪೇಟಿ,

ನೀನು, ನಿಮ್ಮ ಯಜಮಾನರು, ಮಗಳು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಾನೂ ಇದ್ದೇನೆ. ನಿನ್ನ ಕಾಗದಗಳಿಗೆ ಉತ್ತರ ಬರೆಯದೆ ಕೂತದ್ದಕ್ಕೆ ಮನಸ್ಸಿಗೆ ಬಂದಷ್ಟು ಬೈದುಕೋ. ಶಾಲೆ ಶುರುವಾಗುವ ಮೊದಲು ಸಮವಸ್ತ್ರದ ಹೊಲಿಗೆ ಹೇಗೆ ಕತ್ತಿನವರೆಗೆ ಬರುತ್ತದೆಂದು ನಿನಗೆ ಗೊತ್ತು. ಕೆಳಗಿನ ಕೋಣೆಯಲ್ಲಿ ನೀಲಿ ಬಟ್ಟೆಯ ರಾಶಿ, ಮೇಲಿನ ಕೋಣೆಯಲ್ಲಿ ನನ್ನ ತಮ್ಮ. ಎರಡನ್ನೂ ದಾಟಿಕೊಂಡು ಓಡಾಡುವುದೇ ಕೆಲಸವಾಗಿದೆ. ನೀನು ಹಾರ್ಮೋನಿಯಂ ಮುಚ್ಚಿಟ್ಟು ಗಂಡನ ಊರಿಗೆ ಹೋಗಿ ಎಷ್ಟೋ ವರ್ಷವಾಯಿತು. ಆದರೂ ನನ್ನ ಬಾಯಲ್ಲಿ ನೀನು ಪೇಟಿಯೇ, ನಿಮ್ಮ ಯಜಮಾನರಿಗೆ ಬೇಸರವಾದರೆ ಆಗಲಿ.

ನೀನು ಕೇಳಿದ ಸುದ್ದಿ ನಿಜ. ನನ್ನ ತಮ್ಮ ಮುಸಲ್ಮಾನನಾಗಿದ್ದಾನೆ. ಆದರೆ ನೀನು ಓದಿದ ಪೇಪರಿನ ವರದಿಯಲ್ಲಿ ಫೋಟೋ ಒಂದು ಬಿಟ್ಟು ಉಳಿದದ್ದೆಲ್ಲ ಸುಳ್ಳು, ಆ ಫೋಟೋ ಕೂಡ ಅವನಿಗೆ ತಲೆ ತುಂಬ ಕೂದಲಿದ್ದ ಕಾಲದ್ದು. ಹೆಣ್ಣಿನ ಹಿಂದೆ ಹೋದ ಎಂದು ಒಬ್ಬ ಬರೆದ, ಕಾಸಿನ ಆಸೆಗೆ ಎಂದು ಇನ್ನೊಬ್ಬ. ಹೆಣ್ಣಿನ ಹಿಂದೆ ಹೋಗುವಷ್ಟು ಚುರುಕು ಅವನಿಗಿದ್ದಿದ್ದರೆ ನಾನು ಇಷ್ಟು ವರ್ಷ ಅವನ ಅಂಗಿಗೆ ಗುಂಡಿ ಹಾಕಿಕೊಂಡು ಕೂರಬೇಕಿರಲಿಲ್ಲ.

ಅವನು ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳ ಹೊತ್ತು ಹೇಳುತ್ತಿದ್ದದ್ದು ನಿನಗೆ ನೆನಪಿರಬೇಕು. ಬಸ್ಸು ತಡ ಎನ್ನುವುದನ್ನೂ ಎಳೆದು, ತಿರುಗಿಸಿ, ಕೊನೆಯಲ್ಲಿ ಮೆಲ್ಲಗೆ ಇಳಿಸಿ ಹೇಳುತ್ತಿದ್ದ. ಬಸ್ಸು ತಪ್ಪಿಸಿಕೊಂಡವರೂ ತಲೆದೂಗುತ್ತಿದ್ದರು. ಸಂಜೆಯಾದರೆ ವೇದಿಕೆ, ಅಲ್ಲಿಯೂ ಮೈಕು. ಅಮ್ಮ ಬಟ್ಟೆ ಒಗೆಯುತ್ತ ಹಾಡುತ್ತಿದ್ದ ಹಾಡುಗಳನ್ನು ಇವನು ದೀಪದ ಕೆಳಗೆ ನಿಂತು ಹಾಡಿ ‘ಜಾನಪದ ಸಾಮ್ರಾಟ’ನಾದ. ಸಾಮ್ರಾಟನ ರಾಜ್ಯ ಎರಡು ಕೋಣೆ, ಪ್ರಜೆ ನಾನೊಬ್ಬಳು.

ಬಸ್ ಡಿಪೋದಲ್ಲಿ ಚಕ್ರ ಕಳಚಿ ಹಾಕುವ ಒಬ್ಬ ಇದ್ದಾನೆ. ಎಲ್ಲರೂ ಅವನನ್ನು ಟೈರಣ್ಣ ಎನ್ನುತ್ತಾರೆ. ನಮ್ಮ ಹಾಡುಗಳೆಂದರೆ ಪ್ರಾಣ ಬಿಡುತ್ತಾನೆ, ಆದರೆ ಒಂದು ಸಾಲನ್ನೂ ಸರಿಯಾಗಿ ಗುನುಗಲಾರ. ಒಂದು ಶುಕ್ರವಾರ ಮಧ್ಯಾಹ್ನ ಇವನನ್ನು ತನ್ನ ಜೊತೆ ಮಸೀದಿಗೆ ಕರೆದುಕೊಂಡು ಹೋದ. ಊಟಕ್ಕೆ ಕೂತಾಗ ತಮ್ಮ ಅದನ್ನು ಹೇಳಿದ.

“ಯಾಕೆ, ಅಲ್ಲೂ ಕಾರ್ಯಕ್ರಮ ಒಪ್ಪಿಕೊಂಡ್ಯಾ?” ಎಂದೆ.

“ಇಲ್ಲ ಅಕ್ಕ. ನಿಲ್ದಾಣದಲ್ಲಿ ತಲೆ ಸಿಡೀತಿತ್ತು. ಒಳಗೆ ತಣ್ಣಗಿರುತ್ತೆ, ಬಾ ಅಂದ. ಸಾಲಲ್ಲಿ ನಿಂತ್ಕೊಂಡೆ. ಪಕ್ಕದಲ್ಲಿ ಯಾರಿದ್ರು ಅಂತ ನನಗೆ ಗೊತ್ತಿಲ್ಲ, ನಾನು ಯಾರು ಅಂತ ಅವನಿಗೆ ಬೇಕಾಗೂ ಇರ್ಲಿಲ್ಲ. ಯಾರೂ ನನ್ನ ಕಡೆ ನೋಡ್ಲಿಲ್ಲ. ಹಣೆ ನೆಲಕ್ಕಿಟ್ಟೆ. ಎದ್ದಾಗ ಮೈ ಹಗುರ ಆಗಿತ್ತು.”

ನಾನು ನಕ್ಕುಬಿಟ್ಟೆ. ಜೀವಮಾನವೆಲ್ಲ ‘ನನ್ನನ್ನೇ ನೋಡಿ’ ಎಂದು ಬದುಕಿದವನು ಯಾರೂ ನೋಡದಿದ್ದರೆ ಸುಖ ಎನ್ನುತ್ತಿದ್ದಾನಲ್ಲ ಎಂದು. ಅವನು ನಗಲಿಲ್ಲ. ಮುಂದಿನ ಶುಕ್ರವಾರ ಹೋದ, ಅದರ ಮುಂದಿನದಕ್ಕೂ ಹೋದ. ಆ ಮಸೀದಿಯ ಇಮಾಮರು ವಯಸ್ಸಾದವರು, ಮಾತು ಕಡಿಮೆ. ಅವಸರ ಬೇಡ, ಮನೆಯಲ್ಲಿ ಹೇಳು, ಓದು, ಆಮೇಲೆ ಬಾ ಎಂದು ಇವನನ್ನು ತಿಂಗಳುಗಟ್ಟಲೆ ಕಾಯಿಸಿದರು. ಇವನು ಕಾದ. ಬಸ್ಸಿಗೂ ಕಾಯದವನು ಕಾದ. ಆ ಒಂದಕ್ಕೇ ನಾನು ಇದು ಹುಡುಗಾಟವಲ್ಲವೆಂದು ನಂಬಿದ್ದು.

ಹೊಸ ಹೆಸರನ್ನೂ ಇಟ್ಟುಕೊಂಡ. ಮನೆಗೆ ಬಂದು ಹೇಳಿದ. ಸರಿ ಎಂದು ಮೆಟ್ಟಿಲ ಬುಡದಲ್ಲಿ ನಿಂತು ಆ ಹೆಸರಿನಿಂದ ಕೂಗಿದೆ. ಮೇಲಿನಿಂದ ಉತ್ತರವಿಲ್ಲ. ಮತ್ತೆ ಕೂಗಿದೆ. ಕೊನೆಗೆ ಬಾಗಿಲ ಬಳಿ ಹೋಗಿ, “ಯಾರನ್ನ ಕೂಗ್ತಿದೀನಿ ಅಂದ್ಕೊಂಡೆ?” ಎಂದರೆ, “ಅಯ್ಯೋ, ನನ್ನನ್ನಾ?” ಎಂದ. ಅಂದಿನಿಂದ ನಾನು ಹಿಂದಿನಂತೆ ಲೋ ಎಂದೇ ಕರೆಯುತ್ತೇನೆ. ಅದು ಯಾವ ಧರ್ಮಕ್ಕಾದರೂ ನಡೆಯುತ್ತದೆ.

ಆಮೇಲೆ ನಮ್ಮ ಮನೆಗೆ ಕುರ್ಚಿ ಬಂದ. ಜಾನಪದ ಸಂಘದ ಅಧ್ಯಕ್ಷನನ್ನು ನೀನು ಮರೆತಿರಲಾರೆ. ಅಂಗಡಿಯಲ್ಲಿ ಕುರ್ಚಿ ಮಾರುತ್ತಾನೆ, ಸಂಘದಲ್ಲಿ ಕುರ್ಚಿ ಬಿಡುವುದಿಲ್ಲ. ನನ್ನ ಹೊಲಿಗೆ ಯಂತ್ರದ ಮುಂದೆ ಸತ್ತ ಮನೆಗೆ ಬಂದವನ ಮುಖ ಹೊತ್ತು ಕೂತ.

“ಹಾಡು ನಮ್ಮದಮ್ಮ. ನಮ್ಮ ಪರಂಪರೆ. ಅದನ್ನ ಹೊತ್ಕೊಂಡು ಇವನು ಅಲ್ಲಿಗೆ ಹೋದ್ರೆ ಹೇಗೆ?”

“ನಿಮ್ಮ ತಾಯಿ ಬಟ್ಟೆ ಒಗೀತಿದ್ರಾ?” ಎಂದೆ.

“ಅಂದ್ರೆ?”

“ಹಾಡು ಹುಟ್ಟಿದ್ದು ಒಗೆಯೋ ಕಲ್ಲಿನ ಹತ್ರ. ನಿಮ್ಮದು ಅಂದ್ರಲ್ಲ, ಅದಕ್ಕೆ ಕೇಳ್ದೆ.”

ಅವನು ಮುಖ ಹುಳ್ಳಗೆ ಮಾಡಿಕೊಂಡು ಎದ್ದು ಹೋದ. ನೀರೂ ಕುಡಿಯಲಿಲ್ಲ, ನಾನು ಕೊಟ್ಟಿರಲೂ ಇಲ್ಲ.

ಆದರೆ ಪೇಟಿ, ತಮ್ಮನಿಗೆ ಅಲ್ಲಿಯೂ ಒಬ್ಬ ಕುರ್ಚಿ ಸಿಕ್ಕ. ಮಾರುಕಟ್ಟೆಯ ತಿರುವಿನಲ್ಲಿ ಅತ್ತರಿನ ಅಂಗಡಿ ಇಟ್ಟವನು. ಮಸೀದಿಗೆ ಅವನು ಬರುವುದು ಟೈರಣ್ಣನಷ್ಟೂ ಇಲ್ಲ, ಆದರೆ ಬಂದ ದಿನ ಮೂಗಿಗೇ ಗೊತ್ತಾಗುತ್ತದೆ. ಹೆಸರುವಾಸಿ ಹಾಡುಗಾರ ತಮ್ಮ ಕಡೆ ಬಂದನೆಂದು ಅವನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಎಲ್ಲೆಂದರಲ್ಲಿ ತೋಳು ಹಿಡಿದುಕೊಂಡು ನಡೆಯತೊಡಗಿದ. ಹಾಡು, ತಂತಿ ಎಲ್ಲ ಬಿಟ್ಟರೆ ಮಾತ್ರ ನೀನು ಪೂರ್ತಿ ನಮ್ಮವನು ಎಂದು ಇವನ ಕಿವಿಯಲ್ಲಿ ಊದಿದವನು ಅವನೇ. ಇಮಾಮರನ್ನು ಕೇಳುವುದು ಇವನಿಗೆ ಹೊಳೆಯಲಿಲ್ಲ. ಅತ್ತರು ಹತ್ತಿರವಿದ್ದಾಗ ಬೇರೆ ವಾಸನೆ ತಿಳಿಯುವುದಿಲ್ಲ.

ಹೋದ ವಾರ ನಾನು ಕಾಲರು ಹೊಲಿಯುತ್ತಿದ್ದಾಗ ತನ್ನ ಎರಡು ತಂತಿಯ ವಾದ್ಯಕ್ಕೆ ಹಳೆಯ ಹಾಸಿಗೆ ಬಟ್ಟೆ ಸುತ್ತಿ ಅಟ್ಟದ ಮೇಲಿಟ್ಟು ಬಂದ.

“ಇನ್ಮೇಲೆ ಹಾಡಲ್ಲ ಅಕ್ಕ.”

“ನಮಾಜು ಮಾಡು, ಯಾರು ಬೇಡ ಅಂದ್ರು. ಹಾಡು ನಿನಗೇನು ಮಾಡ್ತು?”

“ಹಾಡಿದ್ರೆ ಮತ್ತೆ ಎಲ್ಲರೂ ನನ್ನನ್ನೇ ನೋಡ್ತಾರೆ.”

ಅಷ್ಟೇ ಮಾತು. ನಮ್ಮ ಹಾಡುಗಳು ಹೇಗಿದ್ದವೆಂದು ನಿನಗೆ ಹೇಳಬೇಕಿಲ್ಲ. ಅಮ್ಮ ನಮ್ಮಿಬ್ಬರಿಗೆ ಹಂಚಿ ಕಲಿಸಿದ್ದಳು, ಅವನು ಕೇಳುವವನು, ನಾನು ಉತ್ತರ ಹೇಳುವವಳು. ‘ದೋಣಿಯಣ್ಣ, ಆಚೆ ದಡದಲಿ ಏನುಂಟು’ ಎಂದು ಅವನು ಕೇಳಿ ನಿಲ್ಲಿಸಿದರೆ, ‘ಈಚೆ ದಡದಲಿ ಬಿಟ್ಟು ಬಂದುದೆ ಆಚೆ ದಡದಲಿ ಕಾದುಂಟು’ ಎಂದು ನಾನು ಎತ್ತಿಕೊಳ್ಳುತ್ತಿದ್ದೆ. ನನ್ನ ಹಾಡನ್ನೂ ಅದೇ ಬಟ್ಟೆಯಲ್ಲಿ ಸುತ್ತಿಟ್ಟಿದ್ದಾನೆ ಎಂಬುದು ಅವನ ತಲೆಗೇ ಬಂದಿಲ್ಲ. ನನ್ನನ್ನು ಒಂದು ಮಾತು ಕೇಳಬಹುದಿತ್ತು. ಸಾಮ್ರಾಟರಿಗೆ ಕೇಳಿ ರೂಢಿಯಿಲ್ಲ.

ಇರಲಿ. ಮಗಳಿಗೆ ನನ್ನ ಆಶೀರ್ವಾದ ಹೇಳು. ಅವಳ ಅಳತೆ ಕಳಿಸು, ಉಳಿದ ಬಟ್ಟೆಯಲ್ಲಿ ಒಂದು ಲಂಗ ಹೊಲಿಯುತ್ತೇನೆ.

ನಿನ್ನ,
ಸೂಜಿ


ಭಾನುವಾರ, ಅಕ್ಟೋಬರ್ ೯

ಪ್ರೀತಿಯ ಪೇಟಿ,

ಕ್ಷಮಿಸು ಎಂದು ಬರೆದರೆ ನೀನು ನಗುತ್ತೀ. ಒಂದೂವರೆ ವರ್ಷದ ಮೇಲೆ ಕಾಗದ ಬರೆಯುವವಳ ಕ್ಷಮೆಗೆ ಬೆಲೆಯೇನು. ಲಂಗ ಮಗಳಿಗೆ ಸರಿಹೋಯಿತೆಂದು ಬರೆದಿದ್ದೆಯಲ್ಲ, ಸಂತೋಷವಾಯಿತು. ಈಗ ಚಿಕ್ಕದಾಗಿರಬೇಕು.

ಇಲ್ಲಿ ನನಗೊಂದು ಹೊಸ ಹೆಸರು ಬಂದಿದೆ. ಅಂಗಡಿಯಲ್ಲಿ, ಬೀದಿಯಲ್ಲಿ, ನಲ್ಲಿಯ ಸಾಲಿನಲ್ಲಿ ನಾನು ‘ಹಾಡು ಬಿಟ್ಟವನ ಅಕ್ಕ’. ನೀನಿಟ್ಟ ಸೂಜಿ ಎಂಬ ಹೆಸರಿನಲ್ಲಿ ಸ್ವಲ್ಪವಾದರೂ ಮರ್ಯಾದೆ ಇತ್ತು, ಅದು ನನ್ನ ಕೆಲಸದ ಹೆಸರು.

ಹಾಡು ಬಿಟ್ಟವನ ಸಂಗತಿ ಕೇಳು. ಮೈಕಿನ ಕೆಲಸ ಬೇಡವೆಂದು ಬರೆದುಕೊಟ್ಟು ಡಿಪೋದ ಉಗ್ರಾಣಕ್ಕೆ ಹೋದ. ನಟ್ಟು ಬೋಲ್ಟುಗಳ ನಡುವೆ ಕೂತು ನೆಮ್ಮದಿಯಾಗಿದ್ದ. ಈಗ ನಿಲ್ದಾಣದ ಮೈಕಿನಲ್ಲಿ ಮಾತಾಡುವವನಿಗೆ ಸದಾ ನೆಗಡಿ. ಇಲ್ಲಿಗೆ ಬಿಟ್ಟಿದ್ದರೆ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಅತ್ತರಿನವನು ಬಿಡಬೇಕಲ್ಲ. ಹಾಡು ಯಾಕೆ ಬಿಟ್ಟೆ ಎಂದು ನಾಲ್ಕು ಜನರ ಮುಂದೆ ಹೇಳು, ಬೇರೆಯವರಿಗೂ ದಾರಿಯಾಗುತ್ತದೆ ಎಂದ. ಇವನು ಹೇಳಿದ. ಆಮೇಲೆ ನಲವತ್ತು ಜನರ ಮುಂದೆ ಹೇಳಿದ. ಆಮೇಲೆ ಪಕ್ಕದೂರಿಗೆ ಹೋಗಿ ಹೇಳಿದ. ಕೊನೆಗೆ ಅದು ಕ್ಯಾಸೆಟ್ಟಾಗಿ ಅತ್ತರಿನ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಬಂದು ಕೂತಿತು.

ಗುಂಡಿ ತರಲು ಹೋದಾಗ ಆ ಅಂಗಡಿಯ ಮುಂದೆ ನಿಂತು ನಾನೂ ಅದನ್ನು ಕೇಳಿದೆ. ಏನು ಹೇಳಲಿ. ಸಂಗೀತ ಬಿಟ್ಟೆ ಎನ್ನುವುದನ್ನು ಇವನು ಹಾಡಿದ್ದಾನೆ. ಎಲ್ಲಿ ತಡೆಯಬೇಕು, ಎಲ್ಲಿ ದನಿ ನಡುಗಿಸಬೇಕು, ಎಲ್ಲಿ ಉಸಿರಿಗೆ ಜಾಗ ಬಿಟ್ಟರೆ ಕೇಳುವವರ ಕಣ್ಣು ಒದ್ದೆಯಾಗುತ್ತದೆ, ಎಲ್ಲ ವೇದಿಕೆಯ ಲೆಕ್ಕವೇ. ಪಕ್ಕದಲ್ಲಿ ನಿಂತಿದ್ದವನು ಕಣ್ಣೊರೆಸಿಕೊಂಡ. ಯಾರೂ ನೋಡದ ಸಾಲಿನಲ್ಲಿ ನಿಂತು ಹಗುರಾದವನು ಸಾಲಿನ ಮುಂದೆ ಹೋಗಿ ಮುಖ ತಿರುಗಿಸಿ ನಿಂತುಕೊಂಡ ಕಥೆ ಇದು. ಮನೆಗೆ ಬಂದು ಹಾಗೆಂದೇ ಹೇಳಿದೆ.

“ನಿನಗೆ ಎಲ್ಲಾದ್ರಲ್ಲೂ ಹುಳುಕೇ ಕಾಣುತ್ತೆ ಅಕ್ಕ,” ಎಂದ.

“ಬಟ್ಟೆ ಹೊಲಿಯೋರಿಗೆ ಹಾಗೇ. ಮೊದಲು ಒಳಮಗ್ಗುಲು ನೋಡ್ತೀವಿ.”

ಅವನ ಪರವಾಗಿಯೂ ಒಂದು ಮಾತು ಬರೆಯಬೇಕು, ಇಲ್ಲದಿದ್ದರೆ ಕೈ ಸುಳ್ಳಾಗುತ್ತದೆ. ಜೀವನದಲ್ಲಿ ಮೊದಲ ಸಲ ತನ್ನ ತಟ್ಟೆಯನ್ನು ತಾನು ತೊಳೆದಿಡುತ್ತಿದ್ದಾನೆ. ನನಗೆ ಜ್ವರ ಬಂದಾಗ ಉಗ್ರಾಣಕ್ಕೆ ರಜೆ ಹಾಕಿ ಗಂಜಿ ಕಾಯಿಸಿದ. ಸಾಮ್ರಾಟನಾಗಿದ್ದಾಗ ನಾನು ಸತ್ತಿದ್ದರೂ ಕಾರ್ಯಕ್ರಮ ಮುಗಿಸಿ ಬರುತ್ತಿದ್ದ. ಬೆಳಗಿನ ಹೊತ್ತು ಮೇಲಿನ ಕೋಣೆಯಲ್ಲಿ ಅವನು ಪ್ರಾರ್ಥನೆಗೆ ನಿಂತಾಗ ಮನೆಯಲ್ಲಿ ಒಂದು ಬಗೆಯ ಅಚ್ಚುಕಟ್ಟು ಇರುತ್ತದೆ. ಆ ಹೊತ್ತಿನಲ್ಲಿ ನಾನು ಯಂತ್ರ ತುಳಿಯುವುದಿಲ್ಲ. ಇದನ್ನು ಅವನಿಗೆ ಹೇಳಿಲ್ಲ, ಹೇಳುವುದೂ ಇಲ್ಲ.

ಆದರೆ ನಾನು ಹೊಲಿಯುತ್ತ ಹಾಡಿಕೊಂಡರೆ ಎದ್ದು ಮೇಲೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಾನೆ. ಮೊದಮೊದಲು ಹಟಕ್ಕೆ ಬಿದ್ದು ಗಟ್ಟಿಯಾಗಿ ಹಾಡಿದೆ. ಬಾಗಿಲಿಗೆ ಉತ್ತರ ಹೇಳುತ್ತ ಎಷ್ಟು ದಿನ ಹಾಡುತ್ತಾರೆ. ಈಗ ಬಿಟ್ಟಿದ್ದೇನೆ.

ನಾನೊಬ್ಬಳೇ ಹಾಡಬಾರದೇಕೆ ಎಂದು ನೀನು ಬರೆದಿದ್ದೆ. ಸಂಘಕ್ಕೆ ಹೋಗಿ ಕೇಳಿದೆ. ಕುರ್ಚಿ ಹಲ್ಲು ಕಿರಿದು, “ಹಿಮ್ಮೇಳ ಒಂದನ್ನೇ ಇಟ್ಕೊಂಡು ಏನ್ಮಾಡೋದಮ್ಮ,” ಎಂದ. ಆಮೇಲೆ ರೇಡಿಯೋದವರು ಕರೆದರು. ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಬಿಸಿನೀರಿನಲ್ಲಿ ಗಂಟಲು ತೊಳೆದು ಹೋದೆ. ಗೋಡೆಗೆಲ್ಲ ತೂತಿನ ಹಲಗೆ ಬಡಿದ ಕೋಣೆಯಲ್ಲಿ ಕೂರಿಸಿದರು. ಕನ್ನಡಕದವಳೊಬ್ಬಳು ಎದುರಿಗೆ ಕೂತು, “ನಿಮ್ಮ ತಮ್ಮ ಹೀಗೆ ಮಾಡಿದಾಗ ನಿಮಗೆ ಏನನ್ನಿಸ್ತು?” ಎಂದಳು. ಹೇಳಿದೆ. “ಇನ್ನೂ ಸ್ವಲ್ಪ ದುಃಖದಿಂದ ಹೇಳ್ತೀರಾ?” ಎಂದಳು. ನಾನು ಹಾಡುತ್ತೇನೆ ಎಂದೆ. ಹಾಡು ಆಮೇಲೆ ನೋಡೋಣ ಎಂದಳು. ಟೇಪು ಮುಗಿಯಿತು. ಚಹಾ ಕೊಟ್ಟು ಕಳಿಸಿದರು.

ಇಷ್ಟು ದೊಡ್ಡ ಊರಿನಲ್ಲಿ ಹಾಡನ್ನು ಯಾರೂ ಕೇಳುತ್ತಿರಲಿಲ್ಲ ಪೇಟಿ. ಅವನು ಹಾಡಿದ್ದನ್ನು ನೋಡುತ್ತಿದ್ದರು, ಈಗ ಬಿಟ್ಟದ್ದನ್ನು ನೋಡುತ್ತಿದ್ದಾರೆ.

ಯಜಮಾನರಿಗೆ ಮೊಣಕಾಲು ನೋವು ಎಂದಿದ್ದೆ, ನೋಡಿಕೊಳ್ಳಲಿ. ಮಗಳು ಓದಿನಲ್ಲಿ ಮುಂದೆ ಬರಲಿ.

ನಿನ್ನ,
ಸೂಜಿ


ಶುಕ್ರವಾರ, ಆಗಸ್ಟ್ ೨

ಪ್ರೀತಿಯ ಪೇಟಿ,

ಈ ಸಲ ಕ್ಷಮೆ ಕೇಳದೆ ನೇರ ವಿಷಯಕ್ಕೆ ಬರುತ್ತೇನೆ, ತಡ ಮಾಡುವುದು ನನ್ನ ಗುಣವೆಂದು ನೀನು ಒಪ್ಪಿಕೊಂಡಾಗಿದೆ. ನಿನ್ನ ಮಗಳು ಶಾಲೆಯಲ್ಲಿ ಹಾರ್ಮೋನಿಯಂ ಕಲಿಯುತ್ತಿದ್ದಾಳೆಂದು ಓದಿ ಖುಷಿಯಾಯಿತು. ಅವಳ ಬೆರಳಿನ ಮೇಲೆ ಹೊಡೆಯುವ ಗುರುಗಳು ಸಿಗದಿರಲಿ.

ತಮ್ಮ ಮತ್ತೆ ಹಾಡುತ್ತಿದ್ದಾನೆ. ಪೇಪರಿನಲ್ಲಿ ಬಂದಿರಬೇಕು, ಈ ಸಲವೂ ನಂಬಬೇಡ.

ಡಿಪೋದಲ್ಲಿ ಜಾಕು ಜಾರಿ ಬಸ್ಸು ಟೈರಣ್ಣನ ಕಾಲ ಮೇಲೆ ಕೂತುಬಿಟ್ಟಿತು. ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು. ನಾನೂ ತಮ್ಮನೂ ನೋಡಲು ಹೋದೆವು. ಉದ್ದನೆಯ ವಾರ್ಡು, ಎರಡೂ ಕಡೆ ಕಬ್ಬಿಣದ ಮಂಚಗಳು, ಮಧ್ಯಾಹ್ನದ ಬಿಸಿಲು ಸೀದಾ ರೋಗಿಗಳ ಮುಖಕ್ಕೆ ಬೀಳುವಂತೆ ಯಾರೋ ಬುದ್ಧಿವಂತ ಇಟ್ಟ ಕಿಟಕಿಗಳು. ಟೈರಣ್ಣ ಗೋಡೆಯ ಕಡೆ ತಿರುಗಿ ಮಲಗಿದ್ದ. ಅವನ ಹೆಂಡತಿ ಕಿತ್ತಳೆ ಬಿಡಿಸುತ್ತಿದ್ದಳು.

ಅತ್ತರಿನವನೂ ನಮಗಿಂತ ಮೊದಲೇ ಬಂದು ತಲೆದಿಂಬಿನ ಬಳಿ ನಿಂತಿದ್ದ. ತಾಳ್ಮೆಯ ಮೇಲೆ ಭಾಷಣ ನಡೆದಿತ್ತು. ಕಾಲು ಕಳೆದುಕೊಂಡವನಿಗೆ ತಾಳ್ಮೆ ಹೇಳುವುದು ಎರಡು ಕಾಲಿದ್ದವರಿಗೆ ಎಷ್ಟು ಸಲೀಸು ನೋಡು. ಟೈರಣ್ಣ ತಮ್ಮನ ದನಿ ಕೇಳಿ ಈ ಕಡೆ ತಿರುಗಿದ.

“ಬಂದ್ಯಾ? ಒಂದು ಹಾಡು ಹೇಳಪ್ಪ.”

ತಮ್ಮ ನೆಲ ನೋಡಿದ. ಅತ್ತರಿನವನು, “ಅವರು ಅದನ್ನ ಬಿಟ್ಟಿದಾರೆ ಟೈರಣ್ಣ, ಗೊತ್ತಲ್ವಾ,” ಎಂದ.

“ನೀವು ಸುಮ್ನಿರಿ ಸ್ವಾಮಿ. ನಿಮ್ಮನ್ನ ಕೇಳಿಲ್ಲ.” ಟೈರಣ್ಣ ಯಾರಿಗೂ ಹಾಗೆ ಮಾತಾಡಿದವನಲ್ಲ. ನೋವಿಗೆ ಮೈಯೆಲ್ಲ ಬೆವೆತಿತ್ತು. “ಲೋ, ಅವತ್ತು ನಿನ್ನನ್ನ ನಾನು ಕರ್ಕೊಂಡು ಹೋಗಿದ್ದು ನೀನು ಸುಸ್ತಾಗಿದ್ದೆ ಅಂತ. ಪ್ರಾರ್ಥನೆಗೆ ಕರ್ಕೊಂಡು ಹೋದೆ. ಬಾಯಿ ಹೊಲಿಸೋಕೆ ಕರ್ಕೊಂಡು ಹೋಗ್ಲಿಲ್ಲ. ಡಿಪೋದಲ್ಲಿ ಎಲ್ಲರೂ ನನ್ನನ್ನೇ ಅಂತಾರೆ, ಹಾಡೋನನ್ನ ಹಾಳು ಮಾಡ್ದ ಅಂತ.”

“ನಾನೂ ಅಂದಿದೀನಿ,” ಎಂದಳು ಅವನ ಹೆಂಡತಿ, ಕಿತ್ತಳೆಯಿಂದ ತಲೆ ಎತ್ತದೆ.

“ಇವಳೂ ಅಂದಿದಾಳೆ. ನಾನು ಐದು ಹೊತ್ತೂ ನಮಾಜು ಮಾಡೋನು, ಹಾಡೂ ಕೇಳೋನು. ನಿನಗೆ ಮಾತ್ರ ಏನು ಬಂತು? ದೋಣಿದು ಹೇಳು.”

ತಮ್ಮ ಮಂಚದ ಕಂಬಿ ಹಿಡಿದ. ಅತ್ತರಿನವನು ಅವನ ತೋಳು ಮುಟ್ಟಿದ. ತಮ್ಮ ತೋಳು ಬಿಡಿಸಿಕೊಂಡು ಟೈರಣ್ಣನ ಪಕ್ಕ ಕೂತ, ಹಾಡಿದ. ತಂತಿಯಿಲ್ಲ, ತಾಳವಿಲ್ಲ. ಮೊದಲ ಸಾಲಿನಲ್ಲಿ ದನಿ ಒಡೆಯಿತು, ತುಕ್ಕು ಹಿಡಿದ ಬೀಗದ ಹಾಗೆ. ಎರಡನೆಯ ಸಲ ತೆರೆದುಕೊಂಡಿತು. ಸುಮ್ಮನಿರಿ ಎನ್ನಲು ಬಂದ ನರ್ಸ್ ಬಾಗಿಲಲ್ಲೇ ನಿಂತಳು. ಬಿಸಿಲು ಬೀಳುತ್ತಿದ್ದ ಮುಖಗಳೆಲ್ಲ ಈ ಕಡೆ ತಿರುಗಿದವು. ಅವನು ಯಾರನ್ನೂ ನೋಡಲಿಲ್ಲ, ಅವನನ್ನು ಎಲ್ಲರೂ ನೋಡುತ್ತಿದ್ದಾರೆಂದು ಅವನಿಗೆ ಗೊತ್ತೇ ಇರಲಿಲ್ಲ. ಹಾಡು ಮುಗಿಯುವ ಹೊತ್ತಿಗೆ ಅತ್ತರಿನವನು ಹೋಗಿಯಾಗಿತ್ತು, ಅವನ ವಾಸನೆ ಇನ್ನೂ ಅಲ್ಲೇ ಇತ್ತು.

ಆಸ್ಪತ್ರೆಯಿಂದ ನೇರ ಇಮಾಮರ ಬಳಿಗೆ ಹೋದ. ನಾನು ಹೊರಗಿನ ಮೆಟ್ಟಿಲ ಮೇಲೆ ಕೂತೆ, ಮಾತು ಕೇಳಿಸುತ್ತಿತ್ತು.

“ನಾನು ಇವತ್ತು ಹಾಡಿದೆ,” ಎಂದ, ಬಾವಿಗೆ ಯಾರನ್ನೋ ತಳ್ಳಿ ಬಂದವನ ಹಾಗೆ.

“ಟೈರಣ್ಣ ಹೇಗಿದಾನೆ?” ಎಂದರು ಅವರು.

“ನಿದ್ದೆ ಮಾಡಿದ. ಹಾಡಿದ್ದು ತಪ್ಪಾ?”

“ಅದರ ಬಗ್ಗೆ ತಿಳಿದವರಲ್ಲಿ ಎರಡು ಮಾತಿದೆ. ನನ್ನನ್ನ ಕೇಳಿದ್ರೆ ಬಿಗಿಯಾಗೇ ಹೇಳ್ತೀನಿ, ನನಗೆ ಅಷ್ಟು ಒಗ್ಗಲ್ಲ. ಆದ್ರೆ ನೀನು ಇಲ್ಲಿಗೆ ಬಂದಾಗ ನಮಾಜು ಹೇಗೆ ಮಾಡೋದು ಅಂತ ಕೇಳಿದೆ, ಹೇಳಿಕೊಟ್ಟೆ. ಹಾಡಿನ ವಿಷಯ ಅಂಗಡೀಲಿ ಕೇಳಿದೆ. ಅಂಗಡೀಲಿ ಏನು ಸಿಗುತ್ತೋ ಅದು ಸಿಕ್ತು.” ಆಮೇಲೆ, “ಹಾಡೋದಾದ್ರೆ ಹಾಡು. ಅದರ ಉತ್ತರ ನೀನು ಕೊಡಬೇಕು, ನಾನಲ್ಲ. ಹಾಡಲ್ಲ ಅಂತ ಊರೂರು ಹೇಳ್ಕೊಂಡು ತಿರುಗೋದು ಮಾತ್ರ ಸಾಕು,” ಎಂದರು.

ಈ ಇಡೀ ಪುರಾಣದಲ್ಲಿ ನನಗೆ ಉಗಿಯಬೇಕೆನಿಸದ ಮನುಷ್ಯ ಅವರೊಬ್ಬರು, ಟೈರಣ್ಣನನ್ನು ಬಿಟ್ಟರೆ.

ತಮ್ಮ ಅಟ್ಟದಿಂದ ವಾದ್ಯ ಇಳಿಸಿದ. ಒಂದು ತಂತಿ ಹರಿದಿತ್ತು. ಡಿಪೋದವರು ಟೈರಣ್ಣನಿಗಾಗಿ ದುರಸ್ತಿ ಶೆಡ್ಡಿನಲ್ಲಿ ತಮ್ಮನ ಹಾಡು ಇಟ್ಟುಕೊಂಡರು. ಈ ಸುದ್ದಿ ಕುರ್ಚಿಗೆ ಹೇಗೆ ತಲುಪಿತೋ, ಮರುದಿನವೇ ಗೋಡೆಗಳ ಮೇಲೆಲ್ಲ ಪೋಸ್ಟರು, ‘ಮರಳಿ ಮನೆಗೆ: ಜಾನಪದ ಸಾಮ್ರಾಟನ ಪುನರಾಗಮನ, ಸಂಘದ ಆಶ್ರಯದಲ್ಲಿ’. ಫೋಟೋ ಅದೇ, ತಲೆ ತುಂಬ ಕೂದಲಿದ್ದದ್ದು. ತಮ್ಮ ಟೋಪಿ ಹಾಕಿಕೊಂಡೇ ಪೀಠೋಪಕರಣದ ಅಂಗಡಿಗೆ ಹೋದ. ತಮಾಷೆ ನೋಡೋಣವೆಂದು ನಾನೂ ಹಿಂದೆ ಹೋದೆ.

“ನಾನು ಎಲ್ಲಿಂದಲೂ ಮರಳಿಲ್ಲ. ಅದನ್ನ ತೆಗೆಸಿ,” ಎಂದ.

“ಹಾಡು ಶುರು ಮಾಡಿದೀಯಲ್ಲಪ್ಪ. ಅಂದ್ರೆ ಅದನ್ನ ಬಿಟ್ಟೆ ಅಂತ ತಾನೇ?”

“ಅದನ್ನೂ ಬಿಟ್ಟಿಲ್ಲ, ಇದನ್ನೂ ಬಿಡಲ್ಲ.”

ಕುರ್ಚಿ ಹೊಸ ಸೋಫಾದ ಮೇಲೆ ಕೂತು ಬೆವರಿದ. “ಜನಕ್ಕೆ ಏನು ಹೇಳ್ಲಿ? ಅವರಿಗೆ ಒಂದು ಅರ್ಥ ಬೇಕಲ್ಲ?”

“ಹಾಡು ಕೇಳೋಕೆ ಹೇಳಿ,” ಎಂದೆ ನಾನು. ಅವನು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಅವನ ಮಂಚವೊಂದು ಬಾಯಿ ಬಿಟ್ಟು ಮಾತಾಡಿದಂತೆ.

ಶೆಡ್ಡಿನಲ್ಲಿ ಹಾಡುವ ದಿನ ತಮ್ಮ ಬೆಳಿಗ್ಗೆಯೇ ಕೆಳಗೆ ಬಂದು ಯಂತ್ರದ ಪಕ್ಕ ನಿಂತ. “ಅಕ್ಕ, ನೀನೂ ಬಾ. ಮೊದಲಿನ ಹಾಗೇ ಇಬ್ಬರೂ ಹಾಡೋಣ,” ಎಂದ. ಹೊಲಿಗೆ ಬಾಕಿ ಇದೆ, ಬೇಕಾದರೆ ಕುರ್ಚಿಯನ್ನು ಕೂರಿಸಿಕೋ ಎಂದೆ. ಪೋಸ್ಟರಿನವರ ಜೊತೆ ನನಗೇನು ಕೆಲಸ. ಅವನು ಮತ್ತೆ ಕೇಳಿದ. ನಾನು ಯಂತ್ರ ತುಳಿದೆ.

ಆದರೂ ಸಂಜೆ ಹೋದೆ. ಹಿಂದೆ ಹಳೆಯ ಟೈರುಗಳ ರಾಶಿಯಿತ್ತು, ಅದರ ಮೇಲೆ ಕೂತೆ. ಎರಡು ಬಸ್ಸುಗಳ ನಡುವೆ ಗ್ರೀಸಿನ ನೆಲದ ಮೇಲೆ ಚಾಪೆ ಹಾಸಿದ್ದರ ಮೇಲೆ ಅವನು, ಎದುರಿಗೆ ಗಾಲಿಕುರ್ಚಿಯಲ್ಲಿ ಟೈರಣ್ಣ, ಮಿಕ್ಕಂತೆ ಡ್ರೈವರುಗಳು, ಕಂಡಕ್ಟರುಗಳು, ಅವರ ಮನೆಯವರು. ಪೋಸ್ಟರು ನೋಡಿ ಬಂದ ಒಳ್ಳೆಯ ಬಟ್ಟೆಯ ಜನ ಮುಂದಿನ ಸಾಲು ಹಿಡಿದಿದ್ದರು. ಎರಡು ಹಾಡು ಮುಗಿಯುವಷ್ಟರಲ್ಲಿ ಸೂರ್ಯ ಮುಳುಗಿದ. ತಮ್ಮ ವಾದ್ಯ ಪಕ್ಕಕ್ಕಿಟ್ಟು, “ಸ್ವಲ್ಪ ಹೊತ್ತು,” ಎಂದು ಎದ್ದು, ಕೈಕಾಲು ತೊಳೆದು, ಶೆಡ್ಡಿನ ಪಕ್ಕ ಟಾರ್ಪಾಲು ಹಾಸಿದ್ದ ಕಡೆ ಹೋಗಿ ಬೇರೆ ಕೆಲಸಗಾರರ ಜೊತೆ ಸಾಲಿನಲ್ಲಿ ನಿಂತ. ಮುಂದಿನ ಸಾಲಿನಲ್ಲಿ ಗುಸುಗುಸು ಶುರುವಾಯಿತು. ಕುರ್ಚಿ ಎದ್ದ. ಅವನ ಹಿಂದೆ ಒಳ್ಳೆಯ ಬಟ್ಟೆಗಳೂ ಎದ್ದವು. ತಮ್ಮ ತಿರುಗಿ ಬಂದಾಗ ಮುಂದೆ ಖಾಲಿ ಜಾಗ. ಅಲ್ಲಿಗೆ ಟೈರಣ್ಣನನ್ನು ತಳ್ಳಿಕೊಂಡು ಬಂದರು.

ಅತ್ತರಿನವನೂ ಬಂದಿದ್ದ. ಪ್ರಾರ್ಥನೆ ಮುಗಿಯುತ್ತಲೇ ಇವನನ್ನು ತಡೆದು ಏನೋ ಹೇಳಿದ. ಇವನು ಅವನ ಭುಜ ಮೆಲ್ಲಗೆ ತಟ್ಟಿ ಚಾಪೆಗೆ ಹಿಂತಿರುಗಿದ. ನಾನು ಮನೆಗೆ ಹೊರಟಾಗ ನಿಲ್ದಾಣದ ಬೆಂಚಿನ ಮೇಲೆ ಕುರ್ಚಿಯೂ ಅತ್ತರಿನವನೂ ಪಕ್ಕಪಕ್ಕ ಕೂತಿದ್ದರು. ಒಬ್ಬರ ಮುಖ ಒಬ್ಬರು ನೋಡಿದವರಲ್ಲ ಅವರು.

“ಎಷ್ಟು ಬೆಳೆಸಿದ್ವಿ ಅವನನ್ನ,” ಎನ್ನುತ್ತಿದ್ದ ಕುರ್ಚಿ.

“ನಾವು ಕಡಿಮೆ ಮಾಡಿದ್ವಾ,” ಎಂದ ಅತ್ತರಿನವನು, ಮತ್ತು ತನ್ನ ಕರವಸ್ತ್ರವನ್ನು ಅವನಿಗೆ ಕೊಟ್ಟ, ಒರೆಸಿಕೊಳ್ಳಲು.

ಇಷ್ಟು ವರ್ಷ ಅವರಿಬ್ಬರೂ ಕಾಯುತ್ತಿದ್ದದ್ದು ಒಬ್ಬರನ್ನೊಬ್ಬರು ಎಂದು ಕಾಣುತ್ತದೆ. ಸುಖವಾಗಿರಲಿ.

ತಮ್ಮ ಈಗ ವಾರಕ್ಕೊಮ್ಮೆ ಶೆಡ್ಡಿನಲ್ಲಿ ಹಾಡುತ್ತಾನೆ, ಸಂಘದವರು ಕರೆಯುವುದಿಲ್ಲ. ಕ್ಯಾಸೆಟ್ಟು ಮಾರುವುದೂ ನಿಂತಿದೆ. ಬೆಳಿಗ್ಗೆ ಪ್ರಾರ್ಥನೆ, ಹಗಲು ಉಗ್ರಾಣ. ತಟ್ಟೆ ಈಗಲೂ ತಾನೇ ತೊಳೆಯುತ್ತಾನೆ. ನನ್ನನ್ನು ಕೇಳಿದರೆ, ಮೊದಲಿಗಿಂತ ಸಹಿಸಬಹುದಾದ ಮನುಷ್ಯನಾಗಿದ್ದಾನೆ. ಅದಕ್ಕಿಂತ ಹೆಚ್ಚು ಹೊಗಳಿಕೆ ನನ್ನ ಕೈಯಿಂದ ಬಾರದು.

ಮಗಳಿಗೆ ಮುತ್ತು, ಅವಳ ಬೆರಳುಗಳು ಚುರುಕಾಗಲಿ, ಅವಳಿಗೆ ಕೇಳುವ ಕಿವಿಗಳು ಸಿಗಲಿ. ಯಜಮಾನರಿಗೆ ನಮಸ್ಕಾರ. ನೀನು ಚೆನ್ನಾಗಿರು.

ನಿನ್ನ,
ಸೂಜಿ

ತಾ. ಕ. ಹೊಲಿಗೆ ಬಾಕಿಯಿತ್ತು ಎಂದೆನಲ್ಲ, ಅದು ಸುಳ್ಳು. ಪೋಸ್ಟರಿನ ಮಾತೂ ಸುಳ್ಳೇ. ಆ ದಿನ ವಾರ್ಡಿನಲ್ಲಿ ಅವನು ದೋಣಿಯ ಹಾಡು ಎತ್ತಿದಾಗ ನಾನು ಮಂಚದ ಕಾಲ ಬಳಿ ನಿಂತಿದ್ದೆ. ಅವನು ಪ್ರಶ್ನೆಯ ಸಾಲು ಹಾಡುವಾಗಲೇ ನನಗರಿವಿಲ್ಲದೆ ಎದೆ ತುಂಬ ಉಸಿರು ಎಳೆದುಕೊಂಡೆ. ಅವನು ನಿಲ್ಲಿಸಲಿಲ್ಲ ಪೇಟಿ. ನನ್ನ ಸಾಲನ್ನೂ ತಾನೇ ಹಾಡಿಕೊಂಡು ಹೋದ. ದನಿ ತಗ್ಗಿಸಿ, ತನಗೆ ತಾನೇ ಉತ್ತರ ಹೇಳಿಕೊಳ್ಳುವವನ ಹಾಗೆ. ನಾನು ಅದನ್ನು ಯಾವತ್ತೂ ಅಷ್ಟು ಚೆನ್ನಾಗಿ ಹಾಡಿರಲಿಲ್ಲ. ಅಲ್ಲಿ ಇನ್ನೊಂದು ದನಿ ಇರಬೇಕಿತ್ತೆಂದು ಯಾರಿಗೂ ಅನಿಸಲಿಲ್ಲ, ಇಷ್ಟು ವರ್ಷ ಕೇಳಿದ ಟೈರಣ್ಣನಿಗೂ. ನೀನು ಅಲ್ಲಿದ್ದು ಬಾರಿಸುತ್ತಿದ್ದರೆ ನಿನ್ನ ಕೈಯಾದರೂ ಒಂದು ಕ್ಷಣ ತಡೆಯುತ್ತಿತ್ತು. ಎಳೆದುಕೊಂಡ ಉಸಿರನ್ನು ಏನು ಮಾಡುವುದೆಂದು ತಿಳಿಯದೆ ಕೆಮ್ಮಿದೆ. ನರ್ಸ್ ಬಂದು ನನಗೆ ಒಂದು ಲೋಟ ನೀರು ಕೊಟ್ಟಳು.